ಗಾಳದ ರೀಲಿನ ತಡೆ

ಗಾಳಿಪಟ ಹಾರಿಸಿದ ಹುಡುಗರೆಲ್ಲರೂ ಅನುಭವದಿಂದ ಬಲ್ಲ ಸಂಗತಿಯೊಂದಿದೆ. ಗಾಳಿ ರಭಸದಿಂದ ಬೀಸುವಾಗ ದಾರವನ್ನು ಬಿಗಿಯಾಗಿ ಹಿಡಿದು ನಿಂತರೆ ಅದು ಕಡಿದುಹೋಗುತ್ತದೆ. ಪೂರ್ತಿ ಸಡಿಲ ಬಿಟ್ಟರೆ ಪಟ ಲಾಗ ಹೊಡೆದು ನೆಲಕ್ಕೆ ಬೀಳುತ್ತದೆ. ದಾರವನ್ನು ಬೆರಳುಗಳ ನಡುವೆ ಹದವಾಗಿ ಒತ್ತಿ ಹಿಡಿದು, ಎಳೆತ ಹೆಚ್ಚಿದಾಗ ಸ್ವಲ್ಪ ಸ್ವಲ್ಪವಾಗಿ ಜಾರಬಿಡುವವನ ಪಟ ಮಾತ್ರ ಆಕಾಶದಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಬಿಡುತ್ತಲೇ ಹಿಡಿಯುವ ಈ ಕೆಲಸವನ್ನು ಬೆರಳುಗಳ ಬದಲು ಒಂದು ಯಂತ್ರಕ್ಕೆ ಒಪ್ಪಿಸಬಹುದೇ? ಒಪ್ಪಿಸಬಹುದು. ಗಾಳದ ಕೋಲಿಗೆ ಜೋಡಿಸುವ ರೀಲಿನಲ್ಲಿ ಅಂತಹ ಏರ್ಪಾಡೊಂದಿದೆ. ಅದಕ್ಕೆ ‘ಡ್ರ್ಯಾಗ್’ ಎಂದು ಹೆಸರು. ಕನ್ನಡದಲ್ಲಿ ಅದನ್ನು ‘ತಡೆ’ ಎಂದು ಕರೆಯೋಣ. ಈ ತಡೆ ಹೇಗೆ ಕೆಲಸ ಮಾಡುತ್ತದೆ, ಏಕೆ ಕೆಡುತ್ತದೆ, ಕೆಡದಂತೆ ಅದನ್ನು ಕಾಪಾಡುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಮೊದಲು ರೀಲಿನ ರಚನೆಯನ್ನು ನೋಡೋಣ. ದಾರ ಸುತ್ತಿರುವ ಒಂದು ಉರುಳೆ, ಅದನ್ನು ತಿರುಗಿಸಲು ಒಂದು ಹಿಡಿಕೆ, ಇವೆರಡರ ನಡುವೆ ಹಲ್ಲುಗಾಲಿಗಳು—ಇಷ್ಟೇ ಅದರ ಮುಖ್ಯ ಅಂಗಗಳು. ಹಿಡಿಕೆಯನ್ನು ತಿರುಗಿಸಿದರೆ ದಾರ ಉರುಳೆಗೆ ಸುತ್ತಿಕೊಳ್ಳುತ್ತದೆ. ಆದರೆ ಗಾಳಕ್ಕೆ ಸಿಕ್ಕಿದ ಮೀನು ಸುಮ್ಮನೆ ಬರುವುದಿಲ್ಲ. ದೊಡ್ಡ ಮೀನಿನ ಮೊದಲ ಓಟದ ಬಲ ದಾರದ ಬಲಕ್ಕಿಂತ ಹೆಚ್ಚಾಗಿರುವುದುಂಟು. ಆ ಗಳಿಗೆಯಲ್ಲಿ ಉರುಳೆ ಹಿಂದಕ್ಕೆ ತಿರುಗಿ ದಾರವನ್ನು ಬಿಟ್ಟುಕೊಡದಿದ್ದರೆ ದಾರ ತುಂಡಾಗುತ್ತದೆ. ಯಾವ ವಿರೋಧವೂ ಇಲ್ಲದೆ ಬಿಟ್ಟುಕೊಟ್ಟರೆ ಉರುಳೆ ಅತಿವೇಗದಿಂದ ತಿರುಗಿ, ದಾರ ಸಿಕ್ಕುಸಿಕ್ಕಾಗುತ್ತದೆ, ಮೀನೂ ದಣಿಯುವುದಿಲ್ಲ. ಆದ್ದರಿಂದ ನಿಗದಿಯಾದ ಎಳೆತದ ವರೆಗೆ ಹಿಡಿದು, ಅದನ್ನು ಮೀರಿದಾಗ ಮಾತ್ರ ಜಾರಬಿಡುವ ತಡೆ ಅಗತ್ಯ.

ಇಂತಹ ತಡೆ ಇಲ್ಲದಿದ್ದ ಕಾಲವೂ ಇತ್ತು. ಅಮೆರಿಕದ ಕ್ಯಾಲಿಫೋರ್ನಿಯ ತೀರಕ್ಕೆ ಸಮೀಪದ ಕ್ಯಾಟಲೀನ ದ್ವೀಪದಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬಾತನು 1898ರಲ್ಲಿ 183 ಪೌಂಡು, ಎಂದರೆ ಸುಮಾರು 83 ಕಿಲೋಗ್ರಾಂ ತೂಕದ ಟ್ಯೂನ ಮೀನನ್ನು ಕೋಲು ಮತ್ತು ರೀಲಿನಿಂದ ಹಿಡಿದನು. ಅದೇ ವರ್ಷ ಅಲ್ಲಿ ಟ್ಯೂನ ಕ್ಲಬ್ ಎಂಬ ಸಂಘವೂ ಸ್ಥಾಪಿತವಾಯಿತು. ಆ ದಿನಗಳ ರೀಲಿನಲ್ಲಿ ಹಿಡಿಕೆಗೂ ಉರುಳೆಗೂ ನೇರವಾದ ಸಂಬಂಧವಿದ್ದಿತು. ಮೀನು ಓಡಿದರೆ ಉರುಳೆಯೊಡನೆ ಹಿಡಿಕೆಯೂ ಗಿರಗಿರನೆ ಹಿಂದಕ್ಕೆ ತಿರುಗುತ್ತಿತ್ತು. ಅದರ ಹೊಡೆತಕ್ಕೆ ಬೆರಳಿನ ಗೆಣ್ಣುಗಳು ಜಜ್ಜಿಹೋಗುತ್ತಿದ್ದವು. ಉರುಳೆಯ ಮೇಲೆ ಚರ್ಮದ ತುಂಡೊಂದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದೊಂದೇ ಆಗ ಇದ್ದ ತಡೆ. ಅದೇ ದ್ವೀಪದ ಬಳಿ ಮೀನು ಹಿಡಿಯುತ್ತಿದ್ದ ವಿಲಿಯಂ ಬೋಷನ್ ಎಂಬಾತನು ತಡೆಯನ್ನು ರೀಲಿನ ಒಳಗೇ ಅಡಗಿಸಿಡುವ ವಿಚಾರವನ್ನು ಮುಂದಿಟ್ಟನು. ಬ್ರೂಕ್ಲಿನ್‌ನ ರೀಲು ತಯಾರಕ ಜೂಲಿಯಸ್ ವಾಮ್ ಹೋಫ್ ಅಂತಹ ರೀಲನ್ನು ನಿರ್ಮಿಸಿಕೊಟ್ಟನು. 1913ರಲ್ಲಿ ಬೋಷನ್ ಆ ರೀಲಿನಿಂದ 358 ಪೌಂಡು, ಎಂದರೆ ಸುಮಾರು 162 ಕಿಲೋಗ್ರಾಂ ತೂಕದ ಕತ್ತಿಮೀನನ್ನು ಹಿಡಿದನು. ಅಲ್ಲಿಂದ ಮುಂದೆ ಹೆಬ್ಬೆರಳಿನ ಕೆಲಸ ಯಂತ್ರದ ಪಾಲಿಗೆ ಬಂದಿತು.

ಆ ಏರ್ಪಾಡಿನ ತತ್ತ್ವ ಇಂದಿಗೂ ಬದಲಾಗಿಲ್ಲ. ಹಿಡಿಕೆಯ ಅಚ್ಚಿನ ಮೇಲೆ ದೊಡ್ಡ ಹಲ್ಲುಗಾಲಿಯೊಂದು ಸಡಿಲವಾಗಿ ಕುಳಿತಿರುತ್ತದೆ. ಅದರ ನಡುವಿನ ಬಟ್ಟಲಿನಂತಹ ಗುಳಿಯಲ್ಲಿ ತೆಳ್ಳನೆಯ ದುಂಡು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಲೋಹದ ಬಿಲ್ಲೆಗಳಲ್ಲಿ ಎರಡು ಬಗೆ. ಕೆಲವಕ್ಕೆ ಹೊರಗಡೆ ಕಿವಿಗಳಿದ್ದು, ಅವು ಹಲ್ಲುಗಾಲಿಯ ಗಾಡಿಗಳಲ್ಲಿ ಸಿಕ್ಕಿಕೊಂಡು ಅದರೊಡನೆ ತಿರುಗುತ್ತವೆ. ಉಳಿದವುಗಳ ನಡುವಿನ ತೂತು ಅಚ್ಚಿನ ಆಕಾರಕ್ಕೆ ಹೊಂದಿಕೊಂಡಿದ್ದು, ಅವು ಅಚ್ಚಿನೊಡನೆ ತಿರುಗುತ್ತವೆ. ಇವುಗಳ ಮಧ್ಯೆ ಮಧ್ಯೆ ಘರ್ಷಣೆಗಾಗಿಯೇ ಇಟ್ಟ ಬೇರೆ ಬಿಲ್ಲೆಗಳಿರುತ್ತವೆ. ಹಿಂದೆ ಇವನ್ನು ಚರ್ಮದಿಂದ ಮಾಡುತ್ತಿದ್ದರು. ಬಳಿಕ ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟಿನ ಬಿಲ್ಲೆಗಳೂ, ಕಾರ್ಬನ್ ನಾರಿನಿಂದ ಹೆಣೆದ ಬಿಲ್ಲೆಗಳೂ ಬಳಕೆಗೆ ಬಂದವು. ಹಿಡಿಕೆಯ ಬುಡದಲ್ಲಿರುವ ನಕ್ಷತ್ರಾಕಾರದ ತಿರುಪನ್ನು ಬಿಗಿಮಾಡಿದರೆ ಈ ಬಿಲ್ಲೆಗಳೆಲ್ಲ ಒಂದನ್ನೊಂದು ಅದುಮಿ ಹಿಡಿಯುತ್ತವೆ. ಅಚ್ಚು ಹಿಂದಕ್ಕೆ ತಿರುಗದಂತೆ ಬೇರೊಂದು ಅಗುಳಿ ಅದನ್ನು ತಡೆದಿರುತ್ತದೆ. ಆದ್ದರಿಂದ ಮೀನು ಎಳೆದಾಗ ಉರುಳೆಯೂ ಹಲ್ಲುಗಾಲಿಯೂ ಹಿಂದಕ್ಕೆ ತಿರುಗುತ್ತವೆ; ಅಚ್ಚು ಮತ್ತು ಹಿಡಿಕೆ ಸ್ಥಿರವಾಗಿ ನಿಲ್ಲುತ್ತವೆ. ಎರಡರ ನಡುವೆ ಬಿಲ್ಲೆಗಳು ಉಜ್ಜುತ್ತ ಜಾರುತ್ತವೆ. ಮೀನಿನ ಓಟದ ಶಕ್ತಿಯಲ್ಲಿ ಒಂದಂಶ ಇಲ್ಲಿ ಶಾಖವಾಗಿ ಮಾರ್ಪಡುತ್ತದೆ. ಉರುಳೆ ಕೋಲಿನ ಮುಂದಕ್ಕೆ ಚಾಚಿಕೊಂಡಿರುವ ಇನ್ನೊಂದು ಬಗೆಯ ರೀಲಿನಲ್ಲಿ ಸಾಮಾನ್ಯವಾಗಿ ಈ ಬಿಲ್ಲೆಗಳು ಉರುಳೆಯ ತಲೆಯಲ್ಲಿಯೇ ಇರುತ್ತವೆ. ಸ್ಥಾನ ಬೇರೆಯಾದರೂ ಕೆಲಸ ಒಂದೇ.

ಘರ್ಷಣೆಯ ಬಗ್ಗೆ ವಿಜ್ಞಾನದ ಪಾಠದಲ್ಲಿ ಕಲಿತ ಒಂದು ಮಾತನ್ನು ಇಲ್ಲಿ ನೆನೆಯಬೇಕು. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲವು, ಕದಲಿದ ವಸ್ತುವನ್ನು ಸರಿಸುತ್ತ ಹೋಗಲು ಬೇಕಾದ ಬಲಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಭಾರವಾದ ಕಬ್ಬಿಣದ ಪೆಟ್ಟಿಗೆಯನ್ನು ನೂಕಿದವರಿಗೆ ಇದರ ಅರಿವಿದೆ. ತಡೆಯಲ್ಲಿಯೂ ಹಾಗೆಯೇ. ಬಿಲ್ಲೆಗಳು ಜಾರತೊಡಗುವ ಮೊದಲ ಕ್ಷಣದಲ್ಲಿ ದಾರದ ಮೇಲೆ ಬೀಳುವ ಸೆಳೆತ ಜಾಸ್ತಿ. ಒಳ್ಳೆಯ ಸ್ಥಿತಿಯಲ್ಲಿರುವ ತಡೆಯಲ್ಲಿ ಈ ವ್ಯತ್ಯಾಸ ಅತ್ಯಲ್ಪ. ಕೆಟ್ಟ ತಡೆಯಲ್ಲಿ ಬಹಳ. ದಾರ ಕಡಿಯುವುದು ಹೆಚ್ಚಾಗಿ ಈ ಮೊದಲ ಕ್ಷಣದಲ್ಲಿಯೇ. ಆದ್ದರಿಂದ ತಡೆಯ ಗುಣವನ್ನು ಅದರ ಬಿಗಿತದಿಂದ ಅಳೆಯುವುದು ತಪ್ಪು. ಅದು ಎಷ್ಟು ನಯವಾಗಿ ಬಿಡತೊಡಗುತ್ತದೆ ಎಂಬುದರಿಂದ ಅಳೆಯುವುದು ಸರಿ.

ಇನ್ನೊಂದು ಸಂಗತಿ ಮೇಲುನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ತಿರುಪನ್ನು ಯಾರೂ ಮುಟ್ಟದೆ ಇದ್ದರೂ, ದಾರ ಹೊರಗೆ ಹೋದಷ್ಟೂ ತಡೆ ಹೆಚ್ಚುತ್ತ ಹೋಗುತ್ತದೆ. ಬಿಲ್ಲೆಗಳ ಘರ್ಷಣೆ ಅಷ್ಟೇ ಇರುತ್ತದೆ. ಆದರೆ ದಾರ ಕಳಚಿದಂತೆ ಉರುಳೆಯ ಮೇಲೆ ಉಳಿದ ಸುತ್ತಿನ ತ್ರಿಜ್ಯ ಕಡಿಮೆಯಾಗುತ್ತದೆ. ಬಾವಿಯ ರಾಟೆ ಚಿಕ್ಕದಾಗಿ, ಅದರ ಅಚ್ಚು ಬಿಗಿಯಾಗಿದ್ದರೆ ತಿರುಗಿಸುವುದು ಕಷ್ಟವಲ್ಲವೇ? ಇದೂ ಹಾಗೆಯೇ. ತುಂಬಿದ ಉರುಳೆಯ ತ್ರಿಜ್ಯ 3 ಸೆಂಟಿಮೀಟರ್ ಇದ್ದಾಗ 3 ಕಿಲೋಗ್ರಾಂ ಎಳೆತಕ್ಕೆ ಜಾರುವ ತಡೆಯು, ತ್ರಿಜ್ಯ 1.5 ಸೆಂಟಿಮೀಟರಿಗೆ ಇಳಿದಾಗ 6 ಕಿಲೋಗ್ರಾಂ ಎಳೆದರೆ ಮಾತ್ರ ಜಾರುತ್ತದೆ. ಇದರ ಜೊತೆಗೆ ಬಾಗಿದ ಕೋಲಿನ ಉಂಗುರಗಳಲ್ಲಿ ದಾರದ ಉಜ್ಜಾಟ, ನೀರಿನೊಳಗೆ ಉದ್ದಕ್ಕೆ ಚಾಚಿದ ದಾರಕ್ಕೆ ನೀರು ಒಡ್ಡುವ ವಿರೋಧ ಇವೂ ಸೇರುತ್ತವೆ. ಮೀನು ದೂರ ಓಡುತ್ತಿರುವುದನ್ನು ಕಂಡ ಹೊಸಬನು ಗಾಬರಿಯಿಂದ ತಿರುಪನ್ನು ಇನ್ನಷ್ಟು ಬಿಗಿಮಾಡುತ್ತಾನೆ. ದಾರ ಫಟ್ಟೆಂದು ಹರಿಯುತ್ತದೆ. ಅನುಭವಸ್ಥನು ಅದೇ ಹೊತ್ತಿನಲ್ಲಿ ತಿರುಪನ್ನು ಕೊಂಚ ಸಡಿಲಿಸುತ್ತಾನೆ.

ಹಾಗಾದರೆ ತಡೆಯನ್ನು ಎಷ್ಟಕ್ಕೆ ನಿಲ್ಲಿಸಬೇಕು? ದಾರ ಕಡಿಯುವ ಬಲದ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಭಾಗದ ಒಳಗೆ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ನಿಯಮ. 9 ಕಿಲೋಗ್ರಾಂ ಭಾರಕ್ಕೆ ಕಡಿಯುವ ದಾರವಾದರೆ ತಡೆ ಸುಮಾರು 2.25ರಿಂದ 3 ಕಿಲೋಗ್ರಾಂ ಇರಬೇಕು. ಉಳಿದ ಬಲವೆಲ್ಲ ಮೇಲೆ ಹೇಳಿದ ಅಧಿಕ ಎಳೆತಗಳಿಗಾಗಿ ಮೀಸಲು. ಇದನ್ನು ಅಳೆಯಲು ಸ್ಪ್ರಿಂಗ್ ತ್ರಾಸು ಇದ್ದರೆ ಸುಲಭ. ಇಲ್ಲದಿದ್ದರೆ ಒಂದು ಬಕೆಟ್ಟು ಸಾಕು. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗುತ್ತದೆ. ಬರಿಯ ಬಕೆಟ್ಟಿನ ತೂಕ ಅರ್ಧ ಕಿಲೋಗ್ರಾಂ ಆಗಿದ್ದರೆ ಅದರಲ್ಲಿ ಎರಡೂವರೆ ಲೀಟರು ನೀರು ಹಾಕಿದರೆ ಒಟ್ಟು 3 ಕಿಲೋಗ್ರಾಂ ಆಯಿತು. ದಾರವನ್ನು ಕೋಲಿನ ಎಲ್ಲ ಉಂಗುರಗಳಲ್ಲಿ ಪೋಣಿಸಿ ಬಕೆಟ್ಟಿಗೆ ಕಟ್ಟಿ, ಕೋಲನ್ನು ಓರೆಯಾಗಿ ಹಿಡಿದು ನಿಧಾನವಾಗಿ ಮೇಲೆತ್ತಬೇಕು. ಬಕೆಟ್ಟು ನೆಲ ಬಿಟ್ಟು ಮೇಲಕ್ಕೆದ್ದರೆ ತಡೆ ಆ ತೂಕಕ್ಕಿಂತ ಬಿಗಿಯಾಗಿದೆ ಎಂದರ್ಥ. ಅದು ನೆಲದ ಮೇಲೆಯೇ ಉಳಿದು ದಾರ ಜಾರತೊಡಗುವ ವರೆಗೆ ಸಡಿಲಿಸಬೇಕು. ಕೈಯಿಂದ ದಾರ ಎಳೆದು ಅಂದಾಜಿಸುವವರು ಸಾಮಾನ್ಯವಾಗಿ ಮೋಸಹೋಗುತ್ತಾರೆ.

ಇನ್ನು ತಡೆ ಕೆಡುವ ಬಗೆಗಳನ್ನು ವಿಚಾರಿಸೋಣ. ವೈದ್ಯನು ರೋಗವನ್ನು ಗುರುತಿಸಿದ ಮೇಲೆಯೇ ಮದ್ದು ಕೊಡುವಂತೆ, ರೀಲನ್ನು ಬಿಚ್ಚುವ ಮುನ್ನ ದೋಷ ಎಲ್ಲಿದೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು.

ಮೊದಲನೆಯದು, ತಿರುಪನ್ನು ಎಷ್ಟು ಬಿಗಿಮಾಡಿದರೂ ದಾರ ಸುಲಭವಾಗಿ ಹೊರಬರುವುದು. ಇದೆಲ್ಲ ತಡೆಯ ದೋಷವೇ ಆಗಿರಬೇಕೆಂದಿಲ್ಲ. ಉರುಳೆಯನ್ನು ಕದಲದಂತೆ ಹಿಡಿದು ದಾರವನ್ನು ಎಳೆದು ನೋಡಬೇಕು. ಉರುಳೆ ನಿಂತಿದ್ದು, ಅದರ ಮೇಲಿನ ದಾರದ ಸುತ್ತು ಮಾತ್ರ ತಿರುಗಿದರೆ ದಾರವೇ ಜಾರುತ್ತಿದೆ. ನುಣುಪಾದ ಹೆಣೆದ ದಾರವನ್ನು ನೇರವಾಗಿ ಲೋಹದ ಉರುಳೆಗೆ ಸುತ್ತಿದಾಗ ಹೀಗಾಗುವುದುಂಟು. ತಳದಲ್ಲಿ ಕೆಲವು ಸುತ್ತು ನೈಲಾನ್ ದಾರ ಸುತ್ತಿ ಅದಕ್ಕೆ ಇದನ್ನು ಗಂಟುಹಾಕಿದರೆ ತೊಂದರೆ ತೀರುತ್ತದೆ. ದಾರ ಎಳೆದಾಗ ಹಿಡಿಕೆಯೇ ಹಿಂದಕ್ಕೆ ತಿರುಗಿದರೆ ದೋಷ ಅಗುಳಿಯಲ್ಲಿದೆ. ಹಿಡಿಕೆ ನಿಂತಿದ್ದು ಉರುಳೆ ಮಾತ್ರ ತಿರುಗಿದರೆ ಆಗ ತಡೆಯನ್ನು ಸಂಶಯಿಸಬೇಕು. ಬಿಲ್ಲೆಗಳು ಸವೆದಿರಬಹುದು, ಒಣಗಿರಬೇಕಾದ ಬಿಲ್ಲೆಗಳಿಗೆ ಎಣ್ಣೆ ತಗಲಿರಬಹುದು, ಹಿಂದೊಮ್ಮೆ ಬಿಚ್ಚಿ ಜೋಡಿಸಿದವರು ಅವುಗಳ ಕ್ರಮವನ್ನು ತಪ್ಪಿಸಿರಬಹುದು.

ಎರಡನೆಯದು, ದಾರ ಒಂದೇ ಸಮನಾಗಿ ಬಾರದೆ ತಡೆತಡೆದು ಬರುವುದು. ದಾರವನ್ನು ನಿಧಾನವಾಗಿ ಎಳೆಯುತ್ತ ಕೋಲಿನ ತುದಿಯನ್ನು ಗಮನಿಸಿದರೆ ಇದು ತಿಳಿಯುತ್ತದೆ. ತುದಿ ಬಾಗಿ ಸ್ಥಿರವಾಗಿ ನಿಂತರೆ ತಡೆ ಚೆನ್ನಾಗಿದೆ. ತಲೆಯಾಡಿಸುವಂತೆ ಮೇಲೆ ಕೆಳಗೆ ಕುಲುಕಿದರೆ ಒಳಗೆ ದೋಷವಿದೆ. ಮರಳಿನ ಕಣ, ಒಣಗಿ ಹರಳುಗಟ್ಟಿದ ಉಪ್ಪು, ಲೋಹದ ಬಿಲ್ಲೆಯ ತುಕ್ಕು ಅಥವಾ ಸೊಟ್ಟತನ, ಬಿಸಿಯಿಂದ ಗಾಜಿನಂತೆ ಮೆರುಗುಗಟ್ಟಿದ ಮೇಲ್ಮೈ ಇವು ಅದರ ಕಾರಣಗಳು.

ಮೂರನೆಯದು, ತಿರುಪನ್ನು ಸಡಿಲಿಸಿದರೂ ದಾರ ಬಿಡದೆ ಕಚ್ಚಿಕೊಂಡಿರುವುದು. ಎಲ್ಲಕ್ಕಿಂತ ಅಪಾಯಕರವಾದುದು ಇದೇ. ಇದರ ಕಾರಣವೂ ವಿಚಾರಾರ್ಹವಾಗಿದೆ. ತಡೆಯನ್ನು ಬಿಗಿಯಾಗಿಯೇ ಬಿಟ್ಟು ರೀಲನ್ನು ತಿಂಗಳುಗಟ್ಟಲೆ ಎತ್ತಿಟ್ಟರೆ ಬಿಲ್ಲೆಗಳು ಒಂದಕ್ಕೊಂದು ಅದುಮಿಕೊಂಡು, ಮೆತ್ತನೆಯವು ಚಪ್ಪಟೆಯಾಗಿ, ನೆರೆಯ ಲೋಹಕ್ಕೆ ಅಂಟಿಕೊಳ್ಳುತ್ತವೆ. ನಮ್ಮ ಕರಾವಳಿಯ ಮಳೆಗಾಲದಂತಹ ತೇವದ ಹವೆಯಲ್ಲಿ ತುಕ್ಕು ಆ ಬೆಸುಗೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ದುಡಿಮೆಯಿಂದ ಸವೆದ ತಡೆಗಳಿಗಿಂತ, ಬಿಗಿಹಿಡಿದು ಸುಮ್ಮನಿರಿಸಿದ್ದರಿಂದ ಕೆಟ್ಟ ತಡೆಗಳೇನೂ ಕಡಿಮೆಯಲ್ಲ. ಇದರ ಪರಿಹಾರಕ್ಕೆ ಹಣವೂ ಬೇಡ, ಉಪಕರಣವೂ ಬೇಡ. ಕೆಲಸ ಮುಗಿದೊಡನೆ ತಿರುಪನ್ನು ಸಡಿಲಿಸಿಡುವ ಅಭ್ಯಾಸವೊಂದಿದ್ದರೆ ಸಾಕು. ಮುಂದಿನ ಸಲ ತಡೆಯನ್ನು ಹೊಸದಾಗಿ ಅಳೆದು ನಿಲ್ಲಿಸುವ ಶ್ರಮ ಇದರಿಂದ ಬರುತ್ತದೆ, ನಿಜ. ಆದರೆ ಪ್ರತಿಸಲವೂ ಅಳೆದು ನೋಡುವುದು ತಾನೇ ಒಂದು ಪರೀಕ್ಷೆಯಾಗುತ್ತದೆ.

ಸಮುದ್ರದ ನೀರಿನಲ್ಲಿ ಬಳಸಿದ ರೀಲನ್ನು ಅಂದೇ ತೊಳೆಯಬೇಕು. ತೊಳೆಯುವ ಮುನ್ನ ತಡೆಯನ್ನು ಬಿಗಿಮಾಡಿಕೊಂಡರೆ ಬಿಲ್ಲೆಗಳ ಸಂದಿಯಲ್ಲಿ ನೀರು ನುಗ್ಗುವುದು ಕಡಿಮೆಯಾಗುತ್ತದೆ. ಸಿಹಿನೀರನ್ನು ಮೆಲ್ಲನೆ ಚಿಮುಕಿಸಬೇಕು. ರಭಸದ ಧಾರೆ ಹೊರಗಿನ ಉಪ್ಪನ್ನು ಒಳಕ್ಕೆ ತಳ್ಳುತ್ತದೆ. ಬಳಿಕ ಬಟ್ಟೆಯಿಂದ ಒರಸಿ, ನೆರಳಿನಲ್ಲಿ ಒಣಗಿಸಿ, ತಡೆಯನ್ನು ಪೂರ್ತಿ ಸಡಿಲಿಸಿ ಎತ್ತಿಡಬೇಕು. ಮೊದಲು ಬಿಗಿ, ಆಮೇಲೆ ಸಡಿಲ ಎಂಬ ಈ ಕ್ರಮವನ್ನು ಮರೆಯಬಾರದು.

ತಡೆ ತೀರ ಒರಟಾದಾಗ ಅದನ್ನು ಬಿಚ್ಚಿಯೇ ಶುಚಿಮಾಡಬೇಕಾಗುತ್ತದೆ. ಬಿಳಿಯ ಬಟ್ಟೆಯೊಂದನ್ನು ಹಾಸಿ, ತೆಗೆದ ಬಿಲ್ಲೆಗಳನ್ನು ತೆಗೆದ ಕ್ರಮದಲ್ಲಿಯೇ, ಯಾವ ಮುಖ ಮೇಲಿತ್ತೋ ಆ ಮುಖವನ್ನೇ ಮೇಲೆ ಮಾಡಿ ಸಾಲಾಗಿ ಇಡಬೇಕು. ಜೋಡಿಸುವಾಗ ಆ ಸಾಲೇ ನಮಗೆ ಮಾರ್ಗದರ್ಶಿ. ಲೋಹದ ಬಿಲ್ಲೆಗಳನ್ನು ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಸಮತಟ್ಟಾದ ಗಾಜಿನ ಮೇಲಿಟ್ಟು ಸೊಟ್ಟಾಗಿವೆಯೇ ಎಂದು ಪರೀಕ್ಷಿಸಬೇಕು. ಫೆಲ್ಟಿನ ಬಿಲ್ಲೆಗಳು ಒಣಗಿದ್ದರೆ ತಯಾರಕರು ಹೇಳಿದ ಎಣ್ಣೆ ಅಥವಾ ಗ್ರೀಸನ್ನು ಅವು ಹೀರುವಷ್ಟು ಕೊಟ್ಟು, ಹೆಚ್ಚಾದುದನ್ನು ಒರಸಿ ತೆಗೆಯಬೇಕು. ಕಾರ್ಬನ್ ನಾರಿನ ಬಿಲ್ಲೆಗಳಲ್ಲಿ ಒಣಗಿಯೇ ಕೆಲಸ ಮಾಡುವವೂ ಉಂಟು, ತಡೆಗೆಂದೇ ಮಾಡಿದ ಗ್ರೀಸಿನ ತೆಳ್ಳನೆಯ ಲೇಪವನ್ನು ಬಯಸುವವೂ ಉಂಟು. ರೀಲಿನ ಕೈಪಿಡಿಯನ್ನು ಓದದೆ ಎಲ್ಲಕ್ಕೂ ಒಂದೇ ಎಣ್ಣೆ ಸುರಿಯುವುದು ಸಲ್ಲದು. ಅಂಚು ಹರಿದ, ಮೆರುಗುಗಟ್ಟಿದ ಅಥವಾ ಚಪ್ಪಟೆಯಾದ ಬಿಲ್ಲೆಗಳನ್ನು ಬದಲಾಯಿಸುವುದೇ ಲೇಸು. ಜೋಡಿಸಿದ ಮೇಲೆ ಬಕೆಟ್ಟಿನ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಇಷ್ಟು ಚಿಕ್ಕ ಬಿಲ್ಲೆಗಳಿಗಾಗಿ ಇಷ್ಟೊಂದು ಕಾಳಜಿ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಮೀನೊಂದು ತಪ್ಪಿಸಿಕೊಂಡರೆ ನಷ್ಟವೇನು ಎಂದೂ ಕೇಳಬಹುದು. ಆದರೆ ದಾರ ಕಡಿದಾಗ ಮೀನು ನಿಜವಾಗಿ ತಪ್ಪಿಸಿಕೊಂಡಂತಾಗುವುದಿಲ್ಲ. ಅದರ ಬಾಯಲ್ಲಿ ಗಾಳ ಉಳಿಯುತ್ತದೆ; ಹಿಂದೆ ದಾರ ತೇಲುತ್ತದೆ. ನೀರಿನೊಳಗಿನ ಬಂಡೆಗೋ ಬೇರಿಗೋ ಆ ದಾರ ಸುತ್ತಿಕೊಂಡರೆ ಮೀನು ಕಟ್ಟಿಹಾಕಿದಂತಾಗಿ ಸಾಯಬಹುದು. ನೈಲಾನ್ ದಾರ ಬೇಗ ಕೊಳೆಯುವುದೂ ಇಲ್ಲ. ತಡೆ ತೀರ ಸಡಿಲವಾಗಿದ್ದರೂ ಕೇಡೇ. ಹೋರಾಟ ಅನಗತ್ಯವಾಗಿ ದೀರ್ಘವಾಗಿ ಮೀನು ಬಳಲಿಹೋಗುತ್ತದೆ. ನೀರಿಗೆ ಮರಳಿ ಬಿಟ್ಟರೂ ಚೇತರಿಸಿಕೊಳ್ಳಲಾರದೆ ಹೋಗಬಹುದು.

ನಮ್ಮ ಕಾವೇರಿಯ ಮಹಶೀರ್ ಮೀನಿನ ಕಥೆಯನ್ನು ನೆನೆದರೆ ಈ ಮಾತಿನ ಗಾಂಭೀರ್ಯ ಮನದಟ್ಟಾಗುತ್ತದೆ. ಮೈಸೂರಿನ ಜೆ. ಡಿ ವೆಟ್ ವಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ, ಬೆನ್ನಿನ ಮೇಲೆ ಗೂನಿನಂತಹ ಉಬ್ಬುಳ್ಳ ಈ ಮಹಶೀರನ್ನು 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ‘ತೀವ್ರ ಅಪಾಯದಲ್ಲಿರುವ’ ಜೀವಿಯೆಂದು ಸೇರಿಸಲಾಯಿತು. ಅಣೆಕಟ್ಟುಗಳು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಕೊಲ್ಲುವುದು, ಹೊರಗಿನಿಂದ ತಂದುಬಿಟ್ಟ ಬೇರೆ ಜಾತಿಯ ಮಹಶೀರ್—ಹೀಗೆ ಅದರ ಅವನತಿಗೆ ಹಲವು ಕಾರಣಗಳನ್ನು ಹೇಳುತ್ತಾರೆ. ಗಾಲಿಬೋರೆಯ ಬಳಿ ಗಾಳ ಹಾಕುತ್ತಿದ್ದವರು ಹಿಡಿದ ಮೀನನ್ನು ತೂಗಿ, ಲೆಕ್ಕ ಬರೆದಿಟ್ಟು, ಜೀವಂತವಾಗಿ ಹೊಳೆಗೆ ಬಿಡುತ್ತಿದ್ದರು. 1998ರಿಂದ 2012ರ ವರೆಗಿನ ಆ ಲೆಕ್ಕಗಳಿಂದಲೇ, ಗೂನುಬೆನ್ನಿನ ಮಹಶೀರ್ ಕ್ಷೀಣಿಸುತ್ತ ಬಂದುದನ್ನು ವಿಜ್ಞಾನಿಗಳು ಗುರುತಿಸಿದರು. ಆ ಬಳಿಕ ಕಾವೇರಿ ವನ್ಯಧಾಮದ ಆ ಭಾಗದಲ್ಲಿ ಗಾಳ ಹಾಕುವುದು ನಿಂತಿತು. ಹಿಡಿದ ಮೀನು ಬದುಕಿ ಹೊಳೆಗೆ ಮರಳಿದರೆ ಮಾತ್ರ ಅಂತಹ ಲೆಕ್ಕಕ್ಕೆ ಅರ್ಥ ಬರುತ್ತದೆ. ದಾರ ಕಡಿದು, ಗಾಳವನ್ನು ಹೊತ್ತು ಮಡುವಿನಾಳಕ್ಕೆ ಇಳಿದ ಮೀನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಆದ್ದರಿಂದ ಗಾಳ ಹಿಡಿಯುವವನು ನೀರಿನ ದಡಕ್ಕೆ ಹೋಗುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಅಲ್ಲಿ ಗಾಳ ಹಾಕಲು ಕಾನೂನಿನ ಅನುಮತಿ ಇದೆಯೇ ಎಂದು ವಿಚಾರಿಸಿದ ಹಾಗೆಯೇ, ತನ್ನ ರೀಲಿನ ತಡೆ ಸರಿಯಾಗಿ ಬಿಡುತ್ತದೆಯೇ ಎಂದೂ ಪರೀಕ್ಷಿಸಿಕೊಳ್ಳಬೇಕು. ಅಂಗಳದಲ್ಲಿ ಒಂದು ಬಕೆಟ್ಟು ನೀರಿಟ್ಟು ಐದು ನಿಮಿಷ ಮಾಡುವ ಈ ಪರೀಕ್ಷೆ, ಹೊಳೆಯ ದಡದಲ್ಲಿ ದಾರ ಕಡಿದ ಮೇಲೆ ಪಡುವ ಪಶ್ಚಾತ್ತಾಪಕ್ಕಿಂತ ಎಷ್ಟೋ ಮೇಲು. ಬಿಗಿ ಹಿಡಿಯುವುದು ಯಾವ ತಿರುಪಿಗಾದರೂ ಸಾಧ್ಯ. ಬಿಡಬೇಕಾದ ಹೊತ್ತಿಗೆ, ಬಿಡಬೇಕಾದಷ್ಟೇ ಬಿಡುವುದು ಚೆನ್ನಾಗಿ ಕಾಪಾಡಿದ ತಡೆಗೆ ಮಾತ್ರ ಸಾಧ್ಯ.